ಪ್ಯಾರಿ ಆಮೇಲೆ, ಮೊದಲು ನಿಲ್ಲಲು ಕಲಿಯಿರಿ: ‘ಥರ್ಡ್ ಸ್ಟ್ರೈಕ್’ಗೆ ಹೊಸಬರಾದವರಿಗೆ

ಮಳೆಗಾಲ ಹಿಡಿಯಿತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ನನ್ನ ಹತ್ತಿರ ಬರುತ್ತದೆ. “ಸ್ಟ್ರೀಟ್ ಫೈಟರ್ ಥರ್ಡ್ ಸ್ಟ್ರೈಕ್ ಕಲೀಬೇಕು ಅಂತಿದ್ದೆ, ಎಲ್ಲಿಂದ ಶುರು ಮಾಡೂದು?” ಹೋದ ವರ್ಷ ಶಿರಸಿಯ ಕಾಲೇಜು ಹುಡುಗನೊಬ್ಬ ಕೇಳಿದ್ದ. ಈ ಸಲ ಕಾರವಾರದ ಬೈತಖೋಲ್ ಬಂದರಿನಲ್ಲಿ ಬೋಟಿಗೆ ಹೋಗುವ ತಮ್ಮ ಒಬ್ಬ ಕೇಳಿದ್ದಾನೆ: “ಜೂನ್ 1ರಿಂದ ಜುಲೈ 31ರ ತನಕ ಬೋಟ್ ಬಂದ್. 61 ದಿನ ಸಾಕಾಗ್ತದಾ?”

ಆಟ ಪೂರ್ತಿ ಕೈವಶವಾಗಲು ಸಾಲದು. ಆದರೆ ಯಾಕೆ ಸೋತೆ ಎಂದು ಸೋತ ಕೂಡಲೇ ಹೇಳಬಲ್ಲ ಮಟ್ಟಕ್ಕೆ ಬರಲು ಧಾರಾಳ ಸಾಕು. ಅಲ್ಲಿಯ ತನಕದ ದಾರಿಯನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಕ್ಯಾಪ್‌ಕಾಮ್ ಕಂಪನಿ 1997ರಲ್ಲಿ ‘ಸ್ಟ್ರೀಟ್ ಫೈಟರ್ 3’ ಎಂಬ, ಪರದೆಯ ಮೇಲೆ ಇಬ್ಬರು ಎದುರುಬದುರಾಗಿ ಹೊಡೆದಾಡುವ ವಿಡಿಯೊ ಗೇಮ್ ತಂದಿತು. ಅದೇ ವರ್ಷ ಒಂದು ತಿದ್ದುಪಡಿ ಬಂತು, 1999ರಲ್ಲಿ ಮೂರನೆಯದು ಬಂತು. ಆ ಮೂರನೆಯದೇ ಥರ್ಡ್ ಸ್ಟ್ರೈಕ್. ಇಪ್ಪತ್ತೈದು ವರ್ಷ ದಾಟಿದರೂ ಜನ ಇದನ್ನು ಬಿಟ್ಟಿಲ್ಲ. ಅದಕ್ಕೆ ದೊಡ್ಡ ಕಾರಣ ‘ಪ್ಯಾರಿ’ ಎಂಬ ಒಂದು ತಂತ್ರ. ಏಟು ತಾಗುವ ಹೊತ್ತಿಗೆ ಸರಿಯಾಗಿ ಸ್ಟಿಕ್ಕನ್ನು ಎದುರಾಳಿಯ ಕಡೆಗೆ ಒಮ್ಮೆ ತಟ್ಟಿದರೆ ಆ ಏಟು ಸುಮ್ಮನೆ ಬದಿಗೆ ಹೋಗುತ್ತದೆ, ನಿಮಗೆ ಒಂದು ಗುಲಗಂಜಿಯಷ್ಟೂ ನಷ್ಟವಿಲ್ಲ. ಹೊಸಬರೆಲ್ಲ ಇದನ್ನು ನೋಡಿಯೇ ಬರುತ್ತಾರೆ, ಇದರಿಂದಲೇ ಹಾಳಾಗುತ್ತಾರೆ. ಹಾಗಾಗಿ ಪ್ಯಾರಿ ಈ ಲೇಖನದಲ್ಲಿ ಏಳನೇ ಹಂತದಲ್ಲಿದೆ. ಅಲ್ಲಿಗೆ ನೇರ ಹಾರಬೇಡಿ ಮಾರಾಯ್ರೆ.

1. ಆಟ ತರಿಸಿಕೊಳ್ಳುವುದು

ಸುಲಭದ ದಾರಿ 2018ರಲ್ಲಿ ಬಂದ ‘ಸ್ಟ್ರೀಟ್ ಫೈಟರ್ 30ನೇ ವಾರ್ಷಿಕೋತ್ಸವ ಸಂಗ್ರಹ’. ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್, ನಿಂಟೆಂಡೊ ಸ್ವಿಚ್ ಮತ್ತು ಕಂಪ್ಯೂಟರಿನ ಸ್ಟೀಮ್ ಅಂಗಡಿಗೆ ಅದು ಬಂದಿದೆ. ಅದರಲ್ಲಿ ಹನ್ನೆರಡು ಹಳೆಯ ಆಟಗಳಿವೆ. ಥರ್ಡ್ ಸ್ಟ್ರೈಕ್‌ಗೆ ಅಭ್ಯಾಸದ ಕೋಣೆಯೂ ಇದೆ, ಅಂದರೆ ಎದುರಾಳಿಯನ್ನು ಗೊಂಬೆಯ ಹಾಗೆ ನಿಲ್ಲಿಸಿಕೊಂಡು ಹೊಡೆಯುವ ‘ಟ್ರೇನಿಂಗ್ ಮೋಡ್’. ಇದು ಬೇಕೇ ಬೇಕು. “ಹಳೇ ಲ್ಯಾಪ್‌ಟಾಪಲ್ಲಿ ಓಡ್ತದಾ?” ಎಂದು ಕೇಳುವವರಿಗೆ: ಇದು ಕೈಯಿಂದ ಬರೆದ ಚಿತ್ರಗಳ ಎರಡು ಆಯಾಮದ ಆಟ, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಕೇಳುವುದಿಲ್ಲ.

ಇನ್ನೊಂದು ದಾರಿ ಫೈಟ್‌ಕೇಡ್. ಅಂಗಡಿಯಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಹಳೆಯ ಆರ್ಕೇಡ್ ಯಂತ್ರದ ನಕಲಿನಂತೆ ಕಂಪ್ಯೂಟರಿನೊಳಗೆ ಆಟ ಓಡಿಸಿ, ಜಗತ್ತಿನ ಬೇರೆ ಮೂಲೆಯವರ ಜೊತೆ ಜೋಡಿಸುವ ತಂತ್ರಾಂಶ ಇದು. ತಂತ್ರಾಂಶಕ್ಕೆ ದುಡ್ಡಿಲ್ಲ, ಆದರೆ ಆಟದ ಕಡತವನ್ನು ಅದು ಕೊಡುವುದಿಲ್ಲ. ಆ ಕಡತ ಕ್ಯಾಪ್‌ಕಾಮ್‌ನ ಸ್ವತ್ತು ಎಂಬುದು ನೆನಪಿರಲಿ. ಎದುರಾಳಿಗಳು ಹೆಚ್ಚು ಸಿಗುವುದು ಅಲ್ಲೇ ಹೌದು. ಆದರೂ ಮೊದಲ ತಿಂಗಳು ನಿಮಗೆ ಎದುರಾಳಿಗಿಂತ ಅಭ್ಯಾಸದ ಕೋಣೆ ಮುಖ್ಯ.

2. ಕೈಗೆ ಏನು ಬೇಕು

ಎಂಟು ದಿಕ್ಕಿನ ಚಲನೆ, ಆರು ಬಟನ್. ಗುದ್ದು ಮೂರು, ಒದೆ ಮೂರು. ಎರಡರಲ್ಲೂ ಹಗುರ, ಮಧ್ಯಮ, ಭಾರಿ ಎಂಬ ದರ್ಜೆ. ಆರ್ಕೇಡ್ ಸ್ಟಿಕ್ ಇಲ್ಲದಿದ್ದರೆ ಕಲಿಯಲಾಗದು ಎಂಬ ಮಾತು ಬರೀ ಸುಳ್ಳು. ಪ್ಲೇಸ್ಟೇಷನ್ ಮಾದರಿಯ ಪ್ಯಾಡ್ ಇದ್ದರೆ ಅದೇ ಸಾಕು. ಎಡಗೈ ಹೆಬ್ಬೆರಳಿನ ಕೆಳಗಿನ ಉರುಟು ಅನಲಾಗ್ ಕಡ್ಡಿ ಬೇಡ, ಕೂಡು ಗುರುತಿನ ಹಾಗಿರುವ ದಿಕ್ಕಿನ ಗುಂಡಿಯನ್ನೇ ಬಳಸಿ.

ಕೀಬೋರ್ಡೂ ಆಗುತ್ತದೆ, ಆದರೆ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಅಗ್ಗದ ಕೀಬೋರ್ಡುಗಳು ಮೂರು ನಾಲ್ಕು ಕೀಲಿ ಒಟ್ಟಿಗೆ ಒತ್ತಿದರೆ ಒಂದನ್ನು ನುಂಗುತ್ತವೆ. ಕೆಳಗೆ, ಬಲಕ್ಕೆ, ಎರಡು ಗುದ್ದು ಎಲ್ಲವನ್ನೂ ಒಟ್ಟಿಗೆ ಒತ್ತಿಹಿಡಿದು ನಾಲ್ಕೂ ದಾಖಲಾಗುತ್ತವೆಯೇ ನೋಡಿ. ಆಗದಿದ್ದರೆ ಬೇರೆ ಕೀಲಿಗಳಿಗೆ ಹಂಚಿ ಮತ್ತೆ ನೋಡಿ.

ತಂತಿ ಇರುವ ಪ್ಯಾಡನ್ನೇ ಬಳಸಿ. ಬ್ಲೂಟೂತ್‌ನಲ್ಲಿ ಬೆರಳು ಒತ್ತಿದ್ದಕ್ಕೂ ಪರದೆಯಲ್ಲಿ ಕಂಡಿದ್ದಕ್ಕೂ ನಡುವೆ ಸಣ್ಣ ಅಂತರ ಸೇರಿಕೊಳ್ಳಬಹುದು, ಈ ಆಟದಲ್ಲಿ ಅಷ್ಟೇ ಸಾಕು ಲೆಕ್ಕ ತಪ್ಪಲು. ಟಿವಿಗೆ ಹಚ್ಚಿದ್ದರೆ ಟಿವಿಯ ಸೆಟ್ಟಿಂಗಿನಲ್ಲಿ ‘ಗೇಮ್ ಮೋಡ್’ ಹಾಕಿ. ಹಾಕದಿದ್ದರೆ ಟಿವಿ ಚಿತ್ರವನ್ನು ಚಂದ ಮಾಡುತ್ತ ಕೂತು ತಡವಾಗಿ ತೋರಿಸುತ್ತದೆ.

ನಮ್ಮ ಕಡೆಗೇ ಸೇರಿದ ಎರಡು ಎಚ್ಚರಿಕೆ. ಕಾರವಾರ, ಅಂಕೋಲಾ, ಹೊನ್ನಾವರದ ಉಪ್ಪುಗಾಳಿಗೆ ಯುಎಸ್‌ಬಿ ಮೂತಿ, ಬಟನ್ನಿನ ಒಳಗಿನ ಲೋಹ ಎಲ್ಲ ಬೇಗ ಕಿಲುಬು ಹಿಡಿಯುತ್ತದೆ. ಶಿರಸಿ, ಸಿದ್ದಾಪುರದ ಕಡೆ ಜುಲೈಯಲ್ಲಿ ರಬ್ಬರಿನ ಮೇಲೆ ಬೂಸ್ಟು ಬರುತ್ತದೆ. ಆಡಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹೊಸ ಚಪ್ಪಲಿ ಪೆಟ್ಟಿಗೆಯೊಳಗೆ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಎರಡನೆಯದು ಗುಡುಗು. ಮಳೆಗಾಲದ ಮೊದಲೂ ಅದು ಮುಗಿಯುವಾಗಲೂ ಸಿಡಿಲಿನ ಕಾಟ. ಮೋಡ ಕಟ್ಟಿದ ಕೂಡಲೇ ಪ್ಲಗ್ ಎಳೆಯಿರಿ, ಇಂಟರ್ನೆಟ್ ಪೆಟ್ಟಿಗೆಯದ್ದೂ ಸೇರಿಸಿ. ಗೆಲ್ಲುತ್ತಿರುವ ರೌಂಡ್ ಬಿಟ್ಟೇಳಲು ಮನಸ್ಸಾಗುವುದಿಲ್ಲ, ಗೊತ್ತು. ಏಳಿ.

3. ಲಿಪಿ ಕಲಿಯುವುದು

ಇಂಟರ್ನೆಟ್ಟಿನಲ್ಲಿ ಯಾವ ಪಾಠ ನೋಡಿದರೂ 236, 623 ಎಂಬ ಅಂಕಿಗಳು ಕಾಣುತ್ತವೆ. ಹೆದರಬೇಡಿ. ಕೀಬೋರ್ಡಿನ ಬಲಬದಿಯ ಅಂಕಿಪಟ್ಟಿಯನ್ನು ಸ್ಟಿಕ್ ಎಂದುಕೊಳ್ಳಿ. 5 ನಡು, 6 ಮುಂದೆ, 4 ಹಿಂದೆ, 2 ಕೆಳಗೆ, 8 ಮೇಲೆ, ಉಳಿದವು ಮೂಲೆಗಳು. 236 ಎಂದರೆ ಕೆಳಗೆ, ಕೆಳಗಿನ ಮುಂಮೂಲೆ, ಮುಂದೆ, ಅಂದರೆ ಕಾಲು ವೃತ್ತ. 623 ಎಂದರೆ ಮುಂದೆ, ಕೆಳಗೆ, ಕೆಳಗಿನ ಮುಂಮೂಲೆ. ನೀವು ಎಡಬದಿಯಲ್ಲಿದ್ದು ಬಲಕ್ಕೆ ಮುಖ ಮಾಡಿದ್ದೀರಿ ಎಂಬ ಲೆಕ್ಕದಲ್ಲಿ ಇವೆಲ್ಲ. ಬದಿ ಬದಲಾದರೆ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿಕೊಳ್ಳಬೇಕು.

ಇನ್ನೊಂದು ಪದ ‘ಫ್ರೇಮ್’. ಆಟ ಸೆಕೆಂಡಿಗೆ ಹತ್ತಿರಹತ್ತಿರ 60 ಚಿತ್ರ ತೋರಿಸುತ್ತದೆ, ಅದರಲ್ಲಿ ಒಂದು ಚಿತ್ರವೇ ಒಂದು ಫ್ರೇಮ್. ಆಟದೊಳಗಿನ ಕಾಲದ ಅಳತೆಯೆಲ್ಲ ಇದರಲ್ಲೇ. ಕಣ್ಣು ಕಂಡದ್ದಕ್ಕೆ ಬೆರಳು ಉತ್ತರಿಸಲು ಸಾಮಾನ್ಯ ಮನುಷ್ಯನಿಗೆ ಸುಮಾರು ಕಾಲು ಸೆಕೆಂಡು, ಅಂದರೆ 15 ಫ್ರೇಮ್ ಬೇಕು. ಹಗುರ ಗುದ್ದು ಐದು ಫ್ರೇಮಿನೊಳಗೇ ತಾಗಿಬಿಡುತ್ತದೆ. ಈ ಎರಡು ಅಂಕಿ ತಲೆಯಲ್ಲಿರಲಿ, ಮುಂದೆ ಪ್ಯಾರಿಯ ಹತ್ತಿರ ಬಂದಾಗ ಇವೇ ಬೇಕಾಗುತ್ತವೆ.

4. ಒಬ್ಬನನ್ನು ಹಿಡಿಯಿರಿ, ಬಿಡಬೇಡಿ

ಆರಿಸಲು ಹತ್ತೊಂಬತ್ತು ಜನ ಇದ್ದಾರೆ. ನನ್ನ ಸಲಹೆ ಕೆನ್. ಬಲದಲ್ಲಿ ಚುನ್-ಲೀ, ಯುನ್ ಇಬ್ಬರ ಜೊತೆ ಮೇಲಿನ ಸಾಲಿನಲ್ಲೇ ಎಣಿಸುವ ಆಸಾಮಿ ಅವನು, ಸಾಮಾನ್ಯ ಕೈಗೂ ಒಗ್ಗುತ್ತಾನೆ. “ರ್ಯೂ ಸುಲಭ ಅಲ್ದಾ?” ಎಂದು ಬಹಳ ಜನ ಕೇಳುತ್ತಾರೆ. ಸುಲಭ ಹೌದು. ಆದರೆ ಬೆಂಕಿಯುಂಡೆ ಎಸೆದು ದೂರ ನಿಲ್ಲುವ ರ್ಯೂನ ಹಳೇ ಆಟ ಇಲ್ಲಿ ನಡೆಯುವುದಿಲ್ಲ, ಉಂಡೆಯನ್ನು ಯಾರು ಬೇಕಾದರೂ ಪ್ಯಾರಿ ಮಾಡಿ ನಡೆದು ಬರುತ್ತಾರೆ. ಚುನ್-ಲೀ ತೆಗೆದುಕೊಂಡರೂ ಅಡ್ಡಿಯಿಲ್ಲ, ಅವಳ ಉದ್ದ ಕೈಕಾಲು ಹೊಸಬರಿಗೆ ದೊಡ್ಡ ಆಸರೆ.

ಸದ್ಯಕ್ಕೆ ಬೇಡದವರು: ಪೂರ್ತಿ ಸುತ್ತು ತಿರುಗಿಸಿ ಹಿಡಿಯಬೇಕಾದ ಹ್ಯೂಗೊ, ಜೀವ, ಅಂದರೆ ಏಟು ತಾಳುವ ಶಕ್ತಿ, ಕಮ್ಮಿ ಇರುವ ಗೌಕಿ, ವಿಚಿತ್ರ ಚಲನೆಯ ಓರೊ ಮತ್ತು ಟ್ವೆಲ್ವ್. ಮಕೋಟೊ ಚಂದ, ನೋಡಿದವರೆಲ್ಲ ಮರುಳಾಗುತ್ತಾರೆ. ಆಕೆಯೂ ಆಮೇಲೆ.

ಆರಿಸಿದ ಕೂಡಲೇ ಆಟ ಇನ್ನೊಂದು ಪ್ರಶ್ನೆ ಕೇಳುತ್ತದೆ: ಮೂರು ‘ಸೂಪರ್ ಆರ್ಟ್’ಗಳಲ್ಲಿ ಯಾವುದು? ಪರದೆಯ ಕೆಳಗಿನ ಪಟ್ಟಿ ತುಂಬಿದಾಗ ಬಿಡಬಹುದಾದ ದೊಡ್ಡ ಅಸ್ತ್ರ ಇದು. ಪಂದ್ಯ ಮುಗಿಯುವ ತನಕ ಬದಲಾಯಿಸುವಂತಿಲ್ಲ. ಕೆನ್‌ಗೆ ಮೂರನೆಯದು, ಶಿಪ್ಪೂ ಜಿನ್ರಾಯ್ ಕ್ಯಾಕು. ಅದರ ಪಟ್ಟಿ ಚಿಕ್ಕದು, ಬೇಗ ತುಂಬುತ್ತದೆ, ಮೂರು ಕೂಡಿಟ್ಟುಕೊಳ್ಳಬಹುದು. ತುಂಬಿದ ಪಟ್ಟಿ ಮುಂದಿನ ರೌಂಡಿಗೂ ಉಳಿಯುತ್ತದೆ. ಹಾಗಾಗಿ ಸೋಲುವುದು ಖಚಿತವಾದ ರೌಂಡಿನಲ್ಲಿ ಸಿಟ್ಟಿಗೆ ಸೂಪರ್ ಬಿಟ್ಟು ಖಾಲಿಯಾಗಬೇಡಿ. ಎರಡು ಗುದ್ದು ಅಥವಾ ಎರಡು ಒದೆ ಒಟ್ಟಿಗೆ ಒತ್ತಿ ಮಾಡುವ ‘ಇಎಕ್ಸ್’ ಹೊಡೆತಗಳೂ ಇದೇ ಪಟ್ಟಿಯಿಂದ ಖರ್ಚು ಹಾಕುತ್ತವೆ.

5. ನಿಲ್ಲುವುದು

ಮೊದಲ ಹತ್ತು ದಿನ ಇಷ್ಟೇ ಮಾಡಿ. ಬೇಸರ ಬರುತ್ತದೆ, ಬರಲಿ.

ಹಿಂದಕ್ಕೆ ಹಿಡಿದರೆ ತಡೆ. ನಿಂತು ತಡೆದರೆ ಹಾರಿ ಬಂದವನ ಏಟು ನಿಲ್ಲುತ್ತದೆ, ಕುಕ್ಕರುಗಾಲಲ್ಲಿ ಕೂತು ತಡೆದರೆ ಕಾಲಿಗೆ ಬಂದ ಒದೆ ನಿಲ್ಲುತ್ತದೆ. ಎರಡನ್ನೂ ಒಟ್ಟಿಗೆ ತಡೆಯುವ ಭಂಗಿ ಇಲ್ಲ, ಗಾಳಿಯಲ್ಲಿದ್ದಾಗ ತಡೆಯೇ ಇಲ್ಲ. ಸಾಮಾನ್ಯವಾಗಿ ಕೂತೇ ತಡೆಯಿರಿ, ಎದುರಾಳಿ ಹಾರಿದ್ದು ಕಂಡರೆ ಮಾತ್ರ ಏಳಿ. ಎಲ್ಲರಿಗೂ ಇರುವ ಒಂದು ‘ಓವರ್‌ಹೆಡ್’ ಇದೆ. ಮಧ್ಯಮ ಗುದ್ದು, ಮಧ್ಯಮ ಒದೆ ಒಟ್ಟಿಗೆ ಒತ್ತಿದರೆ ಆಟಗಾರ ಸಣ್ಣಗೆ ಕುಪ್ಪಳಿಸಿ, ಕೂತವನ ತಲೆಗೆ ಹೊಡೆಯುತ್ತಾನೆ. ಅದು ನಿಧಾನ, ನಾಲ್ಕು ದಿನ ತಿಂದರೆ ಕಣ್ಣಿಗೆ ಕಾಣತೊಡಗುತ್ತದೆ.

ತಡೆಯನ್ನು ಒಡೆಯುವುದು ಹಿಡಿತ, ಅಂದರೆ ‘ಥ್ರೋ’. ಹಗುರ ಗುದ್ದು ಮತ್ತು ಹಗುರ ಒದೆ ಒಟ್ಟಿಗೆ. ನಿಮ್ಮನ್ನು ಹಿಡಿಯಲು ಬಂದ ಗಳಿಗೆಯಲ್ಲೇ ನೀವೂ ಅದೇ ಎರಡು ಒತ್ತಿದರೆ ಬಿಡಿಸಿಕೊಳ್ಳಬಹುದು. ಥ್ರೋವನ್ನು ಪ್ಯಾರಿ ಮಾಡಲು ಬರುವುದಿಲ್ಲ. ಈ ಒಂದು ಸಂಗತಿ ಇಡೀ ಆಟದ ಕೀಲಿಕೈ. ಎದುರಾಳಿ ಸುಮ್ಮನೆ ಪ್ಯಾರಿಗೆ ಹೊಂಚಿ ನಿಂತಿದ್ದಾನೆ ಅನಿಸಿದರೆ ನಡೆದು ಹೋಗಿ ಹಿಡಿದು ಎಸೆಯಿರಿ.

ಇನ್ನು ದೂರ. ನಿಮ್ಮ ಕೂತ ಮಧ್ಯಮ ಒದೆ ಎಷ್ಟು ದೂರಕ್ಕೆ ತಾಗುತ್ತದೆ? ಅಭ್ಯಾಸದ ಕೋಣೆಯಲ್ಲಿ ಗೊಂಬೆಯಿಂದ ಹಿಂದೆ ಹಿಂದೆ ಸರಿಯುತ್ತ ತಾಗುವ ಕೊನೆಯ ಜಾಗ ಹುಡುಕಿ. ಆ ಗೆರೆಗಿಂತ ಒಂದು ಪಾದ ಹೊರಗೆ ನಿಲ್ಲುವುದು ನಿಮ್ಮ ಮನೆ. ಎದುರಾಳಿ ಹೊಡೆದು ಏಟು ಖಾಲಿ ಹೋದ ಕೂಡಲೇ ಒಳಗೆ ಹೆಜ್ಜೆಯಿಟ್ಟು ಒದ್ದು ಮತ್ತೆ ಹಿಂದೆ ಬನ್ನಿ. ಗಾಳದವನು ನೀರು ನೋಡುತ್ತ ಕೂತ ಹಾಗೆ ಇರಬೇಕು, ಕೈ ಸುಮ್ಮನೆ, ಕಣ್ಣು ಎಚ್ಚರ.

ಎಲ್ಲರೂ ಮಾಡುವ ತಪ್ಪು: ನೆಲಕ್ಕೆ ಬಿದ್ದವರು ಏಳುವಾಗ ಇದ್ದಬದ್ದ ಬಟನೆಲ್ಲ ಒತ್ತುವುದು. ಅನುಭವಿಗಳು ಅದನ್ನೇ ಕಾಯುತ್ತಿರುತ್ತಾರೆ. ಬೀಳುವ ಗಳಿಗೆಯಲ್ಲಿ ಕೆಳಗೆ ತಟ್ಟಿದರೆ ಅನೇಕ ಸಲ ಬೇಗ ಏಳಬಹುದು. ಎದ್ದ ಮೇಲೆ ಕೂತು ತಡೆಯಿರಿ. ಅಷ್ಟೇ.

6. ಮೂರೇ ಅಸ್ತ್ರ

ಕೆನ್ ಹಿಡಿದಿದ್ದೀರಿ ಎಂದುಕೊಂಡು ಬರೆಯುತ್ತೇನೆ. ಇಡೀ ಎರಡು ತಿಂಗಳಿಗೆ ಈ ಮೂರು ಸಾಕು.

ಒಂದು, ಕೂತ ಮಧ್ಯಮ ಒದೆ. ದೂರ ಅಳೆಯಲು, ಮುಂದೆ ಬಂದವನ ಕಾಲು ತಡೆಯಲು.

ಎರಡು, ಹತ್ತಿರದಲ್ಲಿ ಮಧ್ಯಮ ಗುದ್ದು, ಕೂಡಲೇ ಭಾರಿ ಗುದ್ದು. ಒಂದಕ್ಕೊಂದು ತಾನಾಗಿ ಪೋಣಿಸಿಕೊಳ್ಳುವ ಇಂಥ ಜೋಡಿಗೆ ‘ಟಾರ್ಗೆಟ್ ಕಾಂಬೊ’ ಎನ್ನುತ್ತಾರೆ. ಇದರ ದೊಡ್ಡ ಗುಣ, ಎರಡು ಏಟು ಇರುವುದರಿಂದ ‘ತಾಗಿತಾ, ತಡೆದನಾ?’ ಎಂದು ನೋಡಲು ನಿಮಗೆ ಒಂದು ಚೂರು ಸಮಯ ಸಿಗುತ್ತದೆ. ತಾಗಿದ್ದರೆ 236236 ಮತ್ತು ಒದೆ, ಅಂದರೆ ಸೂಪರ್. ತಡೆದಿದ್ದರೆ ಕೈ ಕಟ್ಟಿ ನಿಲ್ಲಿ. ತಾಗಿದ್ದನ್ನು ನೋಡಿಯೇ ಮುಂದುವರಿಯುವ ಈ ಅಭ್ಯಾಸಕ್ಕೆ ‘ಹಿಟ್ ಕನ್ಫರ್ಮ್’ ಎಂದು ಹೆಸರು. ಗೊಂಬೆಗೆ ಹೊಡೆಯುತ್ತ ಇದು ಬರುವುದಿಲ್ಲ, ಯಾಕೆಂದರೆ ಗೊಂಬೆ ಯಾವಾಗಲೂ ತಿನ್ನುತ್ತದೆ. ಎರಡನೇ ಪ್ಯಾಡ್ ಕೊಟ್ಟು ತಂಗಿಯನ್ನೋ ಗೆಳೆಯನನ್ನೋ ಕೂರಿಸಿ, ಮನಸ್ಸಿಗೆ ಬಂದಾಗ ತಡೆಯಲು ಹೇಳಿ. ತಡೆದ ಮೇಲೆ ಸೂಪರ್ ಬಿಟ್ಟ ಪ್ರತಿ ಸಲಕ್ಕೆ ಅವರಿಗೊಂದು ಮಿರ್ಚಿ ಭಜಿ ಎಂದು ಕರಾರು ಮಾಡಿಕೊಂಡರೆ ಕಲಿಕೆ ಬಹಳ ಬೇಗ ಆಗುತ್ತದೆ.

ಮೂರು, ಶೋರ್ಯೂಕೆನ್, ಅಂದರೆ ಮೇಲಕ್ಕೆ ಎಗರುವ ಗುದ್ದು. 623 ಮತ್ತು ಗುದ್ದು. ಹಾರಿ ಬರುವವನಿಗೆ ಇದು ಉತ್ತರ. ಇಲ್ಲಿ ಹಳೆಯ ‘ಸ್ಟ್ರೀಟ್ ಫೈಟರ್ 2’ ಆಡಿ ಬಂದವರು ಎಡವುತ್ತಾರೆ. ಅಲ್ಲಿ ಹಾರಿದವನಿಗೆ ಶೋರ್ಯೂಕೆನ್ ಕೊಟ್ಟರೆ ಕತೆ ಮುಗಿಯಿತು. ಇಲ್ಲಿ ಹಾರಿದವನು ಗಾಳಿಯಲ್ಲೇ ನಿಮ್ಮ ಗುದ್ದನ್ನು ಪ್ಯಾರಿ ಮಾಡಬಹುದು. ಹಾಗೆಂದು ಕೈಬಿಡಬೇಡಿ, ಒಂದೇ ಉತ್ತರ ಮತ್ತೆ ಮತ್ತೆ ಕೊಡಬೇಡಿ ಅಷ್ಟೇ. ಒಮ್ಮೆ ಶೋರ್ಯೂಕೆನ್, ಒಮ್ಮೆ ಸುಮ್ಮನೆ ತಡೆ, ಇನ್ನೊಮ್ಮೆ ಅವನ ಕೆಳಗಿನಿಂದ ನುಸುಳಿ ಆಚೆ ಬದಿಗೆ ಹೋಗಿ ಅವನು ಇಳಿದಾಗ ಹಿಡಿತ.

ಒಂದು ತಾಪತ್ರಯ ಎಲ್ಲರಿಗೂ ಆಗುತ್ತದೆ, ಅದಕ್ಕೇ ಬೇರೆಯಾಗಿ ಬರೆಯುತ್ತಿದ್ದೇನೆ. ಮುಂದೆ ನಡೆಯುತ್ತ ಇದ್ದಾಗ ಬೆಂಕಿಯುಂಡೆಗೆ 236 ಹಾಕಿದರೆ ಶೋರ್ಯೂಕೆನ್ ಎಗರುತ್ತದೆ. ಯಂತ್ರದ ತಪ್ಪಲ್ಲ. ನಡೆಯುತ್ತಿದ್ದುದರಿಂದ ಮೊದಲೇ 6 ಇತ್ತು, ಮೇಲೆ 2 ಮತ್ತು 3 ಬಂತು. ಆಟ ಅದನ್ನು 623 ಎಂದು ಓದಿತು. ನಡೆ ನಿಲ್ಲಿಸಿ ಸ್ಟಿಕ್ ನಡುವಿಗೆ ಬಂದ ಮೇಲೆ ಉಂಡೆ ಹಾಕಿ, ಇಲ್ಲವೇ ಕೂತ ತಡೆಯಿಂದ ಶುರು ಮಾಡಿ.

7. ಈಗ ಪ್ಯಾರಿ

ಹೊಡೆದಾಟದ ಆಟಗಳ ದೊಡ್ಡ ಟೂರ್ನಿ ‘ಇವೊ’ದ 2004ರ ಆ ತುಣುಕನ್ನು ನೀವು ನೋಡಿಯೇ ಇರುತ್ತೀರಿ. ಡೈಗೊ ಉಮೆಹಾರನ ಕೆನ್‌ಗೆ ಜೀವ ಒಂದು ಎಳೆಯಷ್ಟು ಉಳಿದಿತ್ತು. ಜಸ್ಟಿನ್ ವಾಂಗ್‌ನ ಚುನ್-ಲೀ ಸೂಪರ್ ಬಿಟ್ಟಳು. ವಿಶೇಷ ಹೊಡೆತಗಳನ್ನು ತಡೆದರೂ ಚೂರು ಜೀವ ಉದುರುತ್ತದೆ, ಆ ಉದುರುವಿಕೆಗೆ ‘ಚಿಪ್’ ಎನ್ನುತ್ತಾರೆ. ಹಾಗಾಗಿ ತಡೆದಿದ್ದರೆ ಸಾವು. ಡೈಗೊ ಹದಿನೈದೂ ಒದೆಗಳನ್ನು ಪ್ಯಾರಿ ಮಾಡಿ, ತಿರುಗಿ ಹೊಡೆದು ಗೆದ್ದ.

ಎಲ್ಲರೂ ಆ ಹದಿನೈದನ್ನು ಎಣಿಸುತ್ತಾರೆ. ನಾನು ಹೇಳುವುದು ಮೊದಲನೆಯದರ ಬಗ್ಗೆ. ಆ ಸೂಪರ್ ಶುರುವಾಗುವಾಗ ಪರದೆ ಒಮ್ಮೆ ಮಿಂಚುತ್ತದೆ. ಮಿಂಚಿದ್ದನ್ನು ನೋಡಿ ತಟ್ಟಿದರೆ ಹೊತ್ತು ಮೀರಿರುತ್ತದೆ. ಅಂದರೆ ಡೈಗೊ ಒದೆ ನೋಡಿ ತಟ್ಟಲಿಲ್ಲ. ಎದುರಾಳಿಗೆ ಈಗ ಬೇರೆ ಆಸೆ ಹುಟ್ಟಲು ಸಾಧ್ಯವಿಲ್ಲ ಎಂದು ಗೊತ್ತಿದ್ದು, ಬರುವ ಮೊದಲೇ ತಟ್ಟಿದ. ಯಕ್ಷಗಾನದಲ್ಲಿ ಚೆಂಡೆಯವರು ವೇಷದ ಕಾಲು ನೆಲಕ್ಕೆ ಬಿದ್ದದ್ದನ್ನು ನೋಡಿ ಪೆಟ್ಟು ಹಾಕಿದರೆ ತಾಳ ಎಲ್ಲಿ ಉಳಿದೀತು? ಕಾಲು ಎಲ್ಲಿ ಬೀಳುತ್ತದೆಂದು ಗೊತ್ತಿರುತ್ತದೆ, ಅದಕ್ಕೇ ಎರಡೂ ಒಟ್ಟಿಗೆ ಬೀಳುತ್ತವೆ. ಅಂದಹಾಗೆ ಆ ಟೂರ್ನಿಯನ್ನು ಡೈಗೊ ಗೆಲ್ಲಲಿಲ್ಲ, ಫೈನಲಿನಲ್ಲಿ ಸೋತ.

ಮೂರನೇ ಹಂತದ ಅಂಕಿ ಈಗ ಹೊರತೆಗೆಯಿರಿ. ನೆಲದ ಮೇಲೆ ಪ್ಯಾರಿಯ ಕಿಂಡಿ ಸುಮಾರು 10 ಫ್ರೇಮ್ ತೆರೆದಿರುತ್ತದೆ, ಸೆಕೆಂಡಿನ ಆರನೇ ಒಂದು ಭಾಗ. ಏಟು ಐದು ಫ್ರೇಮಿಗೆ ಬರುತ್ತದೆ, ನಿಮ್ಮ ಬೆರಳಿಗೆ 15 ಬೇಕು. ಹಗುರ ಗುದ್ದನ್ನು ನೋಡಿ ಪ್ಯಾರಿ ಮಾಡುವೆನೆಂದು ಕೂತರೆ ಜನ್ಮದಲ್ಲಿ ಆಗದು. ಊಹಿಸಿ ತಟ್ಟಬೇಕು. ಊಹೆಗೆ ಎದುರಾಳಿಯ ಚಾಳಿ ಗೊತ್ತಿರಬೇಕು. ಚಾಳಿ ನೋಡಲು ಸುಮ್ಮನೆ ನಿಂತು ತಡೆಯಲು ಬರಬೇಕು. ಐದನೇ ಹಂತದಲ್ಲಿ ಅಷ್ಟು ಹೊತ್ತು ಕೂರಿಸಿದ್ದು ಇದಕ್ಕೇ.

ನಿಯಮ: ಹಾರಿ ಬರುವ ಏಟು, ಓವರ್‌ಹೆಡ್, ಬೆಂಕಿಯುಂಡೆ ಇವಕ್ಕೆ ಮುಂದೆ ತಟ್ಟಿ. ಕಾಲಿಗೆ ಬರುವ ಕೂತ ಒದೆಗೆ ಕೆಳಗೆ ತಟ್ಟಿ. ನೀವೇ ಗಾಳಿಯಲ್ಲಿದ್ದರೆ ಮುಂದೆ. ತಟ್ಟುವುದು ಎಂದರೆ ತಟ್ಟಿ ಬಿಡುವುದು, ಹಿಡಿದಿಟ್ಟರೆ ಅದು ನಡಿಗೆಯಾಯಿತು. ಒಮ್ಮೆ ತಪ್ಪಿದರೆ ಸ್ವಲ್ಪ ಹೊತ್ತು ಮತ್ತೊಂದು ಪ್ಯಾರಿ ಹುಟ್ಟುವುದಿಲ್ಲ. ಹಾಗಾಗಿ ಟಕಟಕ ತಟ್ಟುತ್ತ ಹೋಗುವುದರಿಂದ ಪ್ರಯೋಜನವಿಲ್ಲ, ಎರಡು ಸಲ ಬೇಗ ಮುಂದೆ ತಟ್ಟಿದರೆ ಆಟಗಾರ ಎದುರಾಳಿಯ ಮಡಿಲಿಗೇ ಓಡಿ ಬೀಳುತ್ತಾನೆ.

ಅಭ್ಯಾಸದ ಸರದಿ ಹೀಗಿರಲಿ. ಮೊದಲು ದೂರದಿಂದ ಬರುವ ಬೆಂಕಿಯುಂಡೆ. ಗೆಳೆಯನಿಗೆ ರ್ಯೂ ಕೊಟ್ಟು ಪರದೆಯ ಆಚೆ ತುದಿಯಿಂದ ಎಸೆಯಲು ಹೇಳಿ. ಅದು ನಿಧಾನ ಬರುತ್ತದೆ, ನೋಡಿಯೇ ತಟ್ಟಬಹುದು. ಹತ್ತರಲ್ಲಿ ಎಂಟು ಬಂದ ಮೇಲೆ ಹಾರಿ ಬರುವ ಒದೆ. ಒಬ್ಬರೇ ಇದ್ದರೆ ಆಟದೊಳಗೇ ಒಂದು ಪಾಠ ಅಡಗಿದೆ: ಕಂಪ್ಯೂಟರಿನ ವಿರುದ್ಧ ಆಡುತ್ತ ಹೋದಾಗ ನಡುವೆ ಶಾನ್ ಎಂಬ ಹುಡುಗ ಬಾಸ್ಕೆಟ್‌ಬಾಲ್ ಎಸೆಯುವ ಬೋನಸ್ ಬರುತ್ತದೆ. ಆ ಚೆಂಡುಗಳನ್ನು ಪ್ಯಾರಿ ಮಾಡುವುದೇ ಅಲ್ಲಿಯ ಕೆಲಸ.

ಪ್ಯಾರಿ ಬಂತು, ಮುಂದೆ? ಹೊಸಬರು ಖುಷಿಯಲ್ಲಿ ಅಲ್ಲೇ ನಿಂತುಬಿಡುತ್ತಾರೆ. ಎದುರಾಳಿ ಸುಧಾರಿಸಿಕೊಂಡು ಮತ್ತೆ ಹೊಡೆಯುತ್ತಾನೆ. ಸಿಕ್ಕ ಆ ಚೂರು ಸಮಯದಲ್ಲಿ ಏನು ಮಾಡುವುದೆಂದು ಮೊದಲೇ ನಿಶ್ಚಯಿಸಿರಿ. ನೆಲದಲ್ಲಿದ್ದರೆ ಮಧ್ಯಮ ಗುದ್ದು, ಭಾರಿ ಗುದ್ದು, ಸೂಪರ್. ಗಾಳಿಯಿಂದ ಬಂದವನಿಗೆ ಶೋರ್ಯೂಕೆನ್. ಯಾವುದೂ ನೆನಪಾಗದಿದ್ದರೆ ಥ್ರೋ.

ತಡೆಯುತ್ತಿರುವಾಗಲೇ ಮಾಡುವ ‘ರೆಡ್ ಪ್ಯಾರಿ’ ಎಂಬುದೊಂದಿದೆ. ಅದರ ಕಿಂಡಿ ಎರಡೋ ಮೂರೋ ಫ್ರೇಮಿನಷ್ಟೇ. ಹೆಸರು ತಿಳಿದಿರಲಿ, ಮುಟ್ಟಬೇಡಿ.

8. ಬೇರೆಯವರ ಜೊತೆ

ಕಂಪ್ಯೂಟರಿನ ಜೊತೆ ಆಡಿ ಗಟ್ಟಿಯಾದೆ ಎಂದುಕೊಳ್ಳಬೇಡಿ. ಅದರ ಚಾಳಿ ಮನುಷ್ಯರದ್ದಲ್ಲ. ಕೊನೆಯ ದೊರೆ ಗಿಲ್ ಅಂತೂ ಪಟ್ಟಿ ತುಂಬಿದ್ದರೆ ಸತ್ತ ಮೇಲೂ ಎದ್ದು ಜೀವ ತುಂಬಿಸಿಕೊಳ್ಳುತ್ತಾನೆ. ಅವನ ಜೊತೆ ಜಗಳವಾಡಿ ಸಂಜೆ ಹಾಳು ಮಾಡಿಕೊಳ್ಳಬೇಡಿ. ರೌಂಡ್ ಮುಗಿದಾಗ ಪರದೆ ಕೊಡುವ ದರ್ಜೆಯನ್ನೂ ಲೆಕ್ಕಕ್ಕೆ ಹಿಡಿಯಬೇಡಿ.

ಆನ್‌ಲೈನ್ ಆಡುವಾಗ ‘ರೋಲ್‌ಬ್ಯಾಕ್’ ಎಂಬ ಮಾತು ಕೇಳುತ್ತೀರಿ. ದೂರದವನ ಬಟನ್ ನಿಮ್ಮ ಕಂಪ್ಯೂಟರಿಗೆ ತಲುಪಲು ಸಮಯ ಬೇಕಷ್ಟೆ. ಅಲ್ಲಿಯ ತನಕ ಕಾಯದೆ ‘ಅವನು ಹಿಂದಿನದನ್ನೇ ಒತ್ತಿಹಿಡಿದಿದ್ದಾನೆ’ ಎಂದು ಊಹಿಸಿ ಆಟ ಮುಂದೆ ಹೋಗುತ್ತದೆ. ಊಹೆ ತಪ್ಪಾದರೆ ಹಿಂದೆ ಹೋಗಿ ಸರಿಪಡಿಸಿಕೊಳ್ಳುತ್ತದೆ. ಇವೊ ಟೂರ್ನಿ ಕಟ್ಟಿದವರಲ್ಲೇ ಒಬ್ಬನಾದ ಟೋನಿ ಕ್ಯಾನನ್ ಹೋರಾಟದ ಆಟಗಳಿಗಾಗಿ ಬರೆದ ‘ಜಿಜಿಪಿಒ’ದಿಂದ ಈ ಪದ್ಧತಿ ಹೆಸರಾಯಿತು. ಇದಿಲ್ಲದಿದ್ದರೆ ಶಿರಸಿಯಿಂದ ಹೊರದೇಶದವನ ಜೊತೆ ಪ್ಯಾರಿ ಆಡುವ ಮಾತೇ ಇರಲಿಲ್ಲ.

ಆದರೂ ದೂರ ಹೆಚ್ಚಾದಷ್ಟು ಚಿತ್ರ ನೆಗೆಯುತ್ತದೆ. ಹೆಸರಿನ ಪಕ್ಕದ ‘ಪಿಂಗ್’, ಅಂದರೆ ಸಂದೇಶ ಹೋಗಿಬರುವ ಸಮಯ, ನೋಡಿ. 100 ಮಿಲಿಸೆಕೆಂಡಿನೊಳಗಿದ್ದರೆ ಆರಾಮ. ವೈಫೈ ಬೇಡ, ರೂಟರಿನಿಂದ ನೇರ ಕೇಬಲ್ ಎಳೆಯಿರಿ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೂತು ಮಳೆಯಲ್ಲಿ ಆಡುವವರು ತಮಗೂ ಎದುರಿನವರಿಗೂ ಕಿರಿಕಿರಿ ಮಾಡುತ್ತಾರೆ. ಭಟ್ಕಳದ ಕಡೆಯವರಿಗೊಂದು ಅನುಕೂಲ: ದುಬೈಯಲ್ಲಿರುವ ಭಾವನನ್ನೋ ಅಣ್ಣನ ಮಗನನ್ನೋ ಎಳೆದು ತನ್ನಿ. ಪರಿಚಯದವರು ‘ಮತ್ತೊಂದು, ಮತ್ತೊಂದು’ ಎಂದು ಇಪ್ಪತ್ತು ಪಂದ್ಯ ಕೂರುತ್ತಾರೆ. ಅಪರಿಚಿತರು ಎರಡಕ್ಕೆ ಎದ್ದು ಹೋಗುತ್ತಾರೆ.

9. ಸೋಲಿನ ಲೆಕ್ಕ

ಮೊದಲ ಐವತ್ತು ಪಂದ್ಯ ಸೋಲುತ್ತೀರಿ. ಈ ಆಟದಲ್ಲಿ ಉಳಿದವರು ಎಷ್ಟೋ ವರ್ಷದಿಂದ ಆಡುತ್ತಿರುವವರು. ನೀವು ಕೆಟ್ಟ ಆಟಗಾರ ಎಂದು ಅದರರ್ಥವಲ್ಲ.

ದಿನಕ್ಕೆ ಮುಕ್ಕಾಲು ಗಂಟೆ ಸಾಕು. ಹದಿನೈದು ನಿಮಿಷ ಅಭ್ಯಾಸದ ಕೋಣೆ, ಉಳಿದದ್ದು ಪಂದ್ಯ. ಎರಡೂ ಬದಿಯಿಂದ ಅಭ್ಯಾಸ ಮಾಡಿ, ಎಡದಿಂದ ಸಲೀಸಾದ 623 ಬಲದಿಂದ ಕೈಕೊಡುವುದು ತೀರಾ ಸಾಮಾನ್ಯ. ಪಂದ್ಯ ಮುಗಿದ ಕೂಡಲೇ ಒಂದು ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆಯಿರಿ. ‘ಹಾರಿ ಬಂದದ್ದಕ್ಕೆ ನಾಲ್ಕು ಸಲ ಸತ್ತೆ.’ ‘ಎದ್ದಾಗೆಲ್ಲ ಥ್ರೋ ತಿಂದೆ.’ ‘ತಡೆದ ಮೇಲೂ ಸೂಪರ್ ಬಿಟ್ಟೆ.’ ವಾರದ ಕೊನೆಗೆ ಯಾವ ಸಾಲು ಹೆಚ್ಚು ಸಲ ಬಂದಿದೆಯೋ ಮುಂದಿನ ವಾರದ ಹದಿನೈದು ನಿಮಿಷ ಅದಕ್ಕೆ. ‘ಅದೃಷ್ಟ ಇಲ್ಲ’, ‘ಲ್ಯಾಗ್ ಇತ್ತು’ ಎಂದು ಬರೆಯುವಂತಿಲ್ಲ.

ಬೈತಖೋಲದ ತಮ್ಮನಿಗೆ ಹಾಕಿಕೊಟ್ಟ ದಿನಗಳ ಹಂಚಿಕೆ ಹೀಗಿದೆ, ಬೇಕಾದವರು ತೆಗೆದುಕೊಳ್ಳಿ. ಜೂನ್ 10ರ ತನಕ ತಡೆ, ಥ್ರೋ, ದೂರ. ಜೂನ್ ಮುಗಿಯುವ ತನಕ ಮೂರು ಅಸ್ತ್ರ, ಮನೆಯವರ ಜೊತೆ ಪಂದ್ಯ. ಜುಲೈ 1ರಿಂದ ಉಂಡೆ ಮತ್ತು ಹಾರುವ ಏಟಿನ ಪ್ಯಾರಿ. ಜುಲೈ 15ರಿಂದ ಆನ್‌ಲೈನ್, ದಿನಕ್ಕೆ ಹತ್ತು ಪಂದ್ಯ. ಆಗಸ್ಟ್ 1ಕ್ಕೆ ಬೋಟ್ ಹೊರಡುತ್ತದೆ. ಪ್ಯಾಡನ್ನು ಬೋಟಿಗೆ ಒಯ್ಯಬೇಡ ಎಂದಿದ್ದೇನೆ, ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣ ಹೊಸದು ಹಾಕಿ ಮನೆಯಲ್ಲೇ ಇಟ್ಟು ಹೋಗು.